ಸ್ಟೇಷನ್ ಹೊಸದಾಗುತ್ತಿದೆ, ಸ್ಟೇಷನ್ ಹೊರಗಿನ ಊರಿನ ಮಾತೇನು?



ನಮ್ಮ ಭಾಗದ ಎರಡು ರೈಲು ನಿಲ್ದಾಣಗಳಾದ ಆದೋನಿ ಮತ್ತು ಮಂತ್ರಾಲಯಂ ರೋಡ್, ರೈಲ್ವೆಯ ‘ಅಮೃತ ಭಾರತ ನಿಲ್ದಾಣ ಯೋಜನೆ’ಯ ಪಟ್ಟಿಯಲ್ಲಿವೆ. ಹೊಸ ಮುಂಭಾಗ, ಎತ್ತರದ ಪ್ಲಾಟ್‌ಫಾರಂ, ಲಿಫ್ಟು, ಒಳ್ಳೆಯ ವಿಶ್ರಾಂತಿ ಕೊಠಡಿ ಎಂದೆಲ್ಲ ಓದುತ್ತಲೇ ಇದ್ದೇವೆ. ಸಂತೋಷದ ವಿಷಯವೇ. ಆದರೆ ನಿಲ್ದಾಣದ ಗೇಟು ದಾಟಿ ಹೊರಗೆ ಕಾಲಿಟ್ಟ ಮೇಲೆ ಏನು? ಆಟೋ ಎಲ್ಲಿ ನಿಲ್ಲಬೇಕು, ಬಸ್ಸಿಗೆ ಯಾವ ಕಡೆ ಹೋಗಬೇಕು, ಮಳೆ ನೀರು ಎಲ್ಲಿಗೆ ಹರಿಯಬೇಕು, ಇಷ್ಟು ದಿನ ಅಲ್ಲೇ ಚಹಾ ಮಾರಿ ಬದುಕಿದವರು ನಾಳೆ ಎಲ್ಲಿರಬೇಕು? ಈ ಪ್ರಶ್ನೆಗಳಿಗೆ ಉತ್ತರ ರೈಲ್ವೆಯ ನಕ್ಷೆಯಲ್ಲಿ ಪೂರ್ತಿ ಸಿಗುವುದಿಲ್ಲ. ಅದನ್ನು ಊರೇ ಕೊಡಬೇಕು. ಕಾಂಕ್ರೀಟು ಬಿದ್ದ ಮೇಲೆ ಹೇಳಿದರೆ ಅಟ್ಟ ಮೇಲೆ ಒಲೆ ಉರಿದ ಹಾಗೆ. ಈಗ ಹೇಳಬೇಕು, ಬರೆದು ಹೇಳಬೇಕು. ಅದನ್ನು ಕನ್ನಡದಲ್ಲೇ ಬರೆದು ಹೇಳುವ ಹಕ್ಕು ನಮಗಿದೆ. ಇದಿಷ್ಟೇ ಈ ಲೇಖನದ ಸಾರಾಂಶ. ವಿವರ ಮುಂದಿದೆ.

ಯೋಜನೆ ಏನು ಹೇಳುತ್ತದೆ

ಅಮೃತ ಭಾರತ ನಿಲ್ದಾಣ ಯೋಜನೆಯ ನೀತಿಯನ್ನು ರೈಲ್ವೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ರೂಪಿಸಿತು. ದೇಶದ 1,300ಕ್ಕೂ ಹೆಚ್ಚು ನಿಲ್ದಾಣಗಳು ಇದರಲ್ಲಿವೆ. 2023ರ ಆಗಸ್ಟ್ 6ರಂದು 508 ನಿಲ್ದಾಣಗಳಿಗೆ, 2024ರ ಫೆಬ್ರವರಿ 26ರಂದು ಇನ್ನೂ 553 ನಿಲ್ದಾಣಗಳಿಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. 2025ರ ಮೇ 22ರಂದು ಕೆಲಸ ಮುಗಿದ 103 ನಿಲ್ದಾಣಗಳು ಉದ್ಘಾಟನೆಯಾದವು. ಕರ್ನಾಟಕದ ಮುನಿರಾಬಾದ್, ಬಾಗಲಕೋಟೆ, ಗದಗ, ಗೋಕಾಕ ರೋಡ್ ಮತ್ತು ಧಾರವಾಡ ಅವುಗಳಲ್ಲಿ ಸೇರಿದ್ದವು.

ನಮ್ಮ ಸದಸ್ಯರಿರುವ ಬೇರೆ ಗಡಿ ಊರುಗಳೂ ಇದರಿಂದ ಹೊರಗಿಲ್ಲ. ಹಿಂದೂಪುರ, ಕುಪ್ಪಂ, ಹೊಸೂರು, ಕಾಸರಗೋಡು, ಸೊಲ್ಲಾಪುರ ನಿಲ್ದಾಣಗಳೂ ಪಟ್ಟಿಯಲ್ಲಿವೆ. ಹಾಗಾಗಿ ಇಲ್ಲಿ ಆದೋನಿ ಎಂದು ಬರೆದ ಕಡೆಯೆಲ್ಲ ನಿಮ್ಮ ಊರಿನ ಹೆಸರನ್ನು ಇಟ್ಟುಕೊಂಡು ಓದಬಹುದು.

ಈ ಯೋಜನೆಯಲ್ಲಿ ಕಟ್ಟಡಕ್ಕಿಂತ ನಮಗೆ ಮುಖ್ಯವಾದ ಎರಡು ಅಂಶಗಳಿವೆ. ಒಂದು, ನಿಲ್ದಾಣವು ಹಳಿಯ ಎರಡೂ ಬದಿಯ ಊರನ್ನು ಜೋಡಿಸಬೇಕು. ಎರಡು, ನಿಲ್ದಾಣಕ್ಕೆ ಬರುವ ದಾರಿ ಸುಗಮವಾಗಬೇಕು. ಅದಕ್ಕಾಗಿ ರಸ್ತೆ ಅಗಲ ಮಾಡುವುದು, ನಡೆಯುವವರಿಗೆ ಪ್ರತ್ಯೇಕ ದಾರಿ, ವಾಹನ ನಿಲುಗಡೆ, ದೀಪ, ಫಲಕ, ಜೊತೆಗೆ ‘ಬೇಡವಾದ ಕಟ್ಟಡಗಳ ತೆರವು’ ಎಂಬ ಮಾತೂ ಇದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಯಾರಿಗೆ ಬೇಡವಾದದ್ದು ಎಂಬ ಪ್ರಶ್ನೆಗೆ ಆಮೇಲೆ ಬರೋಣ.

ಗಡಿಗಿಂತ ಹಳೆಯದು ಈ ಹಳಿ

ಮದ್ರಾಸಿನಿಂದ ಹೊರಟ ಮದ್ರಾಸ್ ರೈಲ್ವೆಯೂ ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಗುಂತಕಲ್ಲು ಕಡೆಯಿಂದ ಆಸ್ಪರಿ, ಆದೋನಿ, ಕೋಸಿಗಿ, ತುಂಗಭದ್ರಾ ಸೇತುವೆ, ಮಟಮಾರಿ ದಾಟಿ ರಾಯಚೂರಿಗೆ ಹೋಗುವ ನಮ್ಮ ದಾರಿ ಅದೇ. ಆದೋನಿಯ ಹತ್ತಿ ವ್ಯಾಪಾರ ಬೆಳೆದದ್ದು, ಊರಿಗೆ ‘ಎರಡನೇ ಮುಂಬಯಿ’ ಎಂಬ ಹೆಸರು ಅಂಟಿದ್ದು ಈ ಹಳಿಯ ದಯೆಯಿಂದಲೇ.

ಆಗ ಆದೋನಿಗೂ ಬಳ್ಳಾರಿಗೂ ನಡುವೆ ರಾಜ್ಯದ ಗಡಿ ಇರಲಿಲ್ಲ. ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ ಮತ್ತು ಆಲೂರು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಒಂದೇ ಜಿಲ್ಲೆಯಲ್ಲಿದ್ದ ಆದೋನಿ ಮತ್ತು ಬಳ್ಳಾರಿ ನಡುವಿನ ಪ್ರಯಾಣ ಅಂದಿನಿಂದ ರಾಜ್ಯದ ಗಡಿ ದಾಟುವ ಪ್ರಯಾಣವಾಯಿತು. ನಮ್ಮ ಸಂಬಂಧಗಳು ಮಾತ್ರ ಅಲ್ಲೇ ಉಳಿದವು. ಹೆಣ್ಣು ಕೊಟ್ಟದ್ದು ಸಿರುಗುಪ್ಪಕ್ಕೆ, ಆಸ್ಪತ್ರೆಗೆ ಹೋಗುವುದು ಬಳ್ಳಾರಿಗೋ ರಾಯಚೂರಿಗೋ, ಓದಲು ಹೋದ ಮಕ್ಕಳು ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ.

ಬಸ್ಸಿನ ವಿಷಯದಲ್ಲಿ ಗಡಿ ಇಂದಿಗೂ ಕಾಣುತ್ತದೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ, ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ‘ಸ್ತ್ರೀ ಶಕ್ತಿ’ ಯೋಜನೆ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟಿವೆ. ಆದರೆ ಎರಡೂ ಆಯಾ ರಾಜ್ಯದ ನಿವಾಸಿಗಳಿಗೆ. ಆದೋನಿಯ ತಾಯಿಗೆ ರಾಯಚೂರಿನ ಬಸ್ಸಿನಲ್ಲಿ ಆ ಸವಲತ್ತಿಲ್ಲ, ರಾಯಚೂರಿನ ಮಗಳಿಗೆ ಆದೋನಿಯ ಬಸ್ಸಿನಲ್ಲೂ ಇಲ್ಲ. ರೈಲಿಗೆ ಆ ಭೇದವಿಲ್ಲ. ಆದೋನಿಯಿಂದ ರಾಯಚೂರಿಗೆ ಹಳಿಯ ಮೇಲೆ ಸುಮಾರು 70 ಕಿ.ಮೀ. ಬಡವರು ಗಡಿ ದಾಟುವುದಕ್ಕೆ ಇಂದಿಗೂ ಅಗ್ಗದ ದಾರಿ ಅದೇ. ಆದ್ದರಿಂದಲೇ ನಿಲ್ದಾಣದ ಸುತ್ತಲಿನ ಪರಿಸರ ಗಡಿನಾಡ ಕನ್ನಡಿಗರಿಗೆ ಸಣ್ಣ ವಿಷಯವಲ್ಲ.

ಹತ್ತು ನಿಮಿಷದ ವರ್ತುಲ

ನಗರ ಯೋಜನೆಯವರು ನಿಲ್ದಾಣವನ್ನು ನಡುವೆ ಇಟ್ಟು ಸುತ್ತ 500ರಿಂದ 800 ಮೀಟರಿನ ಒಂದು ವರ್ತುಲ ಎಳೆಯುತ್ತಾರೆ. ಸಾಧಾರಣ ನಡಿಗೆಯಲ್ಲಿ ಅದು ಹತ್ತು ನಿಮಿಷದ ದೂರ. ಕೇಂದ್ರ ಸರಕಾರ 2017ರಲ್ಲಿ ಹೊರಡಿಸಿದ ಸಾರಿಗೆ ಆಧಾರಿತ ಅಭಿವೃದ್ಧಿಯ ರಾಷ್ಟ್ರೀಯ ನೀತಿಯಲ್ಲೂ ಇದೇ ಅಳತೆ ಇದೆ. ಈ ವರ್ತುಲದೊಳಗೆ ಜನ ನಡೆದೇ ನಿಲ್ದಾಣಕ್ಕೆ ಬರುವಂತಿರಬೇಕು, ಮನೆ, ಅಂಗಡಿ, ಕೆಲಸ, ಶಾಲೆ ಹತ್ತಿರದಲ್ಲಿರಬೇಕು, ಬಡವರ ಮನೆಗಳಿಗೂ ಜಾಗ ಉಳಿದಿರಬೇಕು ಎಂಬುದು ಅದರ ತಿರುಳು.

ಆ ನೀತಿ ಬರೆದದ್ದು ಮೆಟ್ರೊ ನಗರಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಹತ್ತು ಅಂತಸ್ತಿನ ಕಟ್ಟಡದ ಮಾತು ನಮಗೆ ಬೇಕಿಲ್ಲ. ಆದರೆ ವರ್ತುಲದ ಲೆಕ್ಕ ನಮಗೂ ಬೇಕು. 2011ರ ಜನಗಣತಿಯಲ್ಲಿ ಆದೋನಿ ಪುರಸಭೆಯ ಜನಸಂಖ್ಯೆ ಸುಮಾರು 1.66 ಲಕ್ಷ. ಇಷ್ಟು ದೊಡ್ಡ ಊರಿನಲ್ಲಿ ನಿಲ್ದಾಣದ ಸುತ್ತಲಿನ ಹತ್ತು ನಿಮಿಷದ ದಾರಿಯನ್ನು ಯಾರಾದರೂ ಒಮ್ಮೆ ಕಾಗದದ ಮೇಲೆ ಇಟ್ಟು ನೋಡಬೇಡವೇ?

ನೋಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಉದಾಹರಣೆ ಇದೆ. ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲನ್ನು ಸುಮಾರು 314 ಕೋಟಿ ರೂಪಾಯಿ ಖರ್ಚಿನಲ್ಲಿ ವಿಮಾನ ನಿಲ್ದಾಣದ ಮಾದರಿಯಲ್ಲಿ ಕಟ್ಟಿದರು. 2022ರ ಜೂನ್ 6ರಂದು ಅಲ್ಲಿಂದ ರೈಲು ಸಂಚಾರ ಶುರುವಾಯಿತು. ಒಳಗೆ ಎಲ್ಲವೂ ಚೆಂದ. ಆದರೆ ಅಲ್ಲಿಗೆ ಹೋಗುವ ರಸ್ತೆಗಳು ಇಕ್ಕಟ್ಟು, ಮೆಟ್ರೊ ಹತ್ತಿರವೇ ಇದ್ದರೂ ಗಂಟುಮೂಟೆ ಹೊತ್ತು ನಡೆಯುವ ದಾರಿ ಸರಿಯಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಇಳಿದವರು ಆಟೋದವರು ಕೇಳಿದಷ್ಟು ಕೊಡಬೇಕು ಎಂಬ ದೂರು ಮೊದಲ ದಿನದಿಂದಲೇ ಕೇಳಿಬಂತು. ನಿಲ್ದಾಣ ರೈಲ್ವೆಯದು, ರಸ್ತೆ ಪಾಲಿಕೆಯದು, ಬಸ್ಸು ಇನ್ನೊಬ್ಬರದು. ಮೂವರೂ ತಮ್ಮ ತಮ್ಮ ಕೆಲಸ ಮಾಡಿದರು, ನಡುವಿನ ಕೆಲಸ ಯಾರದೂ ಆಗಲಿಲ್ಲ.

ಹೊಸ ಹಳಿ ಬರುವ ಕಡೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ನಮ್ಮ ನೆರೆಯ ಗಿಣಿಗೇರಾ–ರಾಯಚೂರು ಮಾರ್ಗದಲ್ಲಿ ಗಂಗಾವತಿ, ಕಾರಟಗಿ ದಾಟಿ 2024ರಲ್ಲಿ ರೈಲು ಸಿಂಧನೂರು ಮುಟ್ಟಿತು. ಮುಂದೆ ರಾಯಚೂರಿನಲ್ಲಿ ಅದು ನಮ್ಮ ಹಳಿಗೇ ಬಂದು ಸೇರಬೇಕು. ಹೊಸ ನಿಲ್ದಾಣವಾಗುವ ಜಾಗಕ್ಕೆ ಮೊದಲು ಬರುವುದು ರೈಲಲ್ಲ, ಸೈಟು ಮಾರುವವರ ಬೋರ್ಡು. ಚರಂಡಿ, ರಸ್ತೆ, ಬಸ್ ನಿಲುಗಡೆಗೆ ಜಾಗ ಬಿಡದೆ ಸೈಟು ಹಂಚಿಹೋದರೆ ಆಮೇಲೆ ಯಾವ ಯೋಜನೆಯೂ ಅದನ್ನು ಬಿಡಿಸಲಾರದು.

ಮೂರು ನಿಲ್ದಾಣ, ಮೂರು ಬೇರೆ ಅಗತ್ಯ

ಒಂದೇ ನಕ್ಷೆಯನ್ನು ಎಲ್ಲ ಕಡೆಗೂ ಹೊಂದಿಸಲು ಆಗುವುದಿಲ್ಲ. ನಮ್ಮಲ್ಲೇ ಮೂರು ನಿಲ್ದಾಣಗಳನ್ನು ನೋಡೋಣ.

ಆದೋನಿ ವ್ಯಾಪಾರದ ಊರು. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಇದೂ ಒಂದು. ಹತ್ತಿ ಹಂಗಾಮಿನಲ್ಲಿ ಹಳ್ಳಿಗಳಿಂದ ಗಾಡಿ, ಟ್ರ್ಯಾಕ್ಟರು, ಲಾರಿ ಎಲ್ಲವೂ ಊರೊಳಗೆ ನುಗ್ಗುತ್ತವೆ. ಇಲ್ಲಿ ಬೇಕಾದದ್ದು ಸರಕು ವಾಹನದ ದಾರಿಯೂ ನಡೆಯುವವರ ದಾರಿಯೂ ಬೇರೆ ಬೇರೆಯಾಗುವುದು, ಹಳಿಯ ಆಚೆ ಬದಿಯವರು ಸುತ್ತಿ ಬಳಸಿ ಬರದಂತೆ ಎರಡೂ ಕಡೆ ಬಾಗಿಲು, ರೈಲು ನಿಲ್ದಾಣಕ್ಕೂ ಬಸ್ ನಿಲ್ದಾಣಕ್ಕೂ ನಡುವೆ ಓಡುವ ಬಸ್ಸು. ಹಮಾಲರು, ಗಿರಣಿ ಕೂಲಿಯವರು ಬಾಡಿಗೆಗಿರುವ ಮನೆಗಳು ನಿಲ್ದಾಣದ ಆಸುಪಾಸಿನಲ್ಲಿದ್ದರೆ ಅವರ ಮಾತನ್ನೂ ಕೇಳಬೇಕು. ರಸ್ತೆ ಅಗಲವಾದಾಗ ಜಾಗದ ಬೆಲೆ ಏರುತ್ತದೆ, ಮಾಲೀಕನಿಗೆ ಅದು ಲಾಭ. ಬಾಡಿಗೆಯವನಿಗೆ ಮನೆ ಖಾಲಿ ಮಾಡು ಎನ್ನುವ ಮಾತು.

ಮಂತ್ರಾಲಯಂ ರೋಡ್ ನಿಲ್ದಾಣದ ಸ್ಥಿತಿ ಬೇರೆ. ಅದು ಇರುವುದು ತುಂಗಭದ್ರಾ ಗ್ರಾಮದಲ್ಲಿ. ರಾಯರ ಮಠ ಅಲ್ಲಿಂದ ಸುಮಾರು 15 ಕಿ.ಮೀ. ಇಳಿಯುವವರಲ್ಲಿ ಬಹುಪಾಲು ಕರ್ನಾಟಕದ ಭಕ್ತರು. ಇಡೀ ನಿಲ್ದಾಣಕ್ಕೆ ಅರ್ಥ ಬರುವುದೇ ಮುಂದಿನ ಆ 15 ಕಿ.ಮೀ.ನಿಂದ. ರಾತ್ರಿ ಎರಡು ಗಂಟೆಗೆ ಮಕ್ಕಳು ಮುದುಕರೊಂದಿಗೆ ಇಳಿದವರಿಗೆ ಮೊದಲ ಬಸ್ಸು ಎಷ್ಟಕ್ಕೆ, ಆಟೋ ದರ ಎಷ್ಟು, ಬೆಳಗಿನ ತನಕ ಎಲ್ಲಿ ಕೂರಬಹುದು ಎಂಬುದು ಕಣ್ಣಿಗೆ ಬೀಳುವಂತೆ ಬರೆದಿರಬೇಕು. ಶ್ರಾವಣದ ಆರಾಧನೆಯ ದಿನಗಳಲ್ಲಿ ಬರುವ ಜನಸಂದಣಿಗೆ ಬೇರೆಯೇ ಏರ್ಪಾಡು ಬೇಕು. ಗಾಣಗಾಪುರಕ್ಕೆ ಹೋಗುವವರು ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದಾಗಲೂ ಇದೇ ಪ್ರಶ್ನೆ. ಇಂಥ ಕಡೆ ವರ್ತುಲ ಎಳೆದರೆ ಸಾಲದು, ನಿಲ್ದಾಣದಿಂದ ಕ್ಷೇತ್ರದವರೆಗಿನ ಇಡೀ ದಾರಿಯನ್ನೇ ಯೋಜನೆಯೊಳಗೆ ತರಬೇಕು.

ನೀರಿನ ಮಾತನ್ನೂ ಇಲ್ಲಿ ಮರೆಯಬಾರದು. 2009ರ ಅಕ್ಟೋಬರ್‌ನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿದ್ದನ್ನು ಕಂಡವರು ನಮ್ಮಲ್ಲೇ ಇದ್ದಾರೆ. ರೈಲ್ವೆ ಗೇಟು ಮುಚ್ಚಿ ಕೆಳಸೇತುವೆ ಕಟ್ಟಿದ ಕಡೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ ಎಂಬುದು ದೇಶದ ತುಂಬ ಕೇಳುವ ದೂರು. ಕೆಳಸೇತುವೆಯ ಪ್ರಸ್ತಾಪ ಬಂದರೆ ಊರವರು ಕೇಳಬೇಕಾದ ಮೊದಲ ಪ್ರಶ್ನೆ ಅಗಲ ಎಷ್ಟು ಎಂಬುದಲ್ಲ, ನೀರು ಎಲ್ಲಿಗೆ ಹೋಗುತ್ತದೆ ಎಂಬುದು.

ಮೂರನೆಯದು ಕೋಸಿಗಿ. ಅದು ಅಮೃತ ಭಾರತದ ಪಟ್ಟಿಯಲ್ಲಿಲ್ಲ. ಆದರೆ ಕೋಸಿಗಿ, ಕೌತಾಳ, ಪೆದ್ದಕಡಬೂರು, ಮಂತ್ರಾಲಯ ಮಂಡಲಗಳಿಂದ ವರ್ಷವರ್ಷವೂ ಗುಳೆ ಹೋಗುವ ಕುಟುಂಬಗಳು ಎಷ್ಟೋ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು, ಬೆಂಗಳೂರು ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಪಾತ್ರೆ, ಹಾಸಿಗೆ, ಕೂಸು ಸಮೇತ ಹೊರಡುವವರಿಗೆ ಲಾಂಜು ಬೇಡ. ಕುಡಿಯುವ ನೀರು, ನೆರಳು, ಬೀಗ ಹಾಕದ ಶೌಚಾಲಯ, ಹೊರಗಿನ ರಸ್ತೆಗೆ ದೀಪ ಇಷ್ಟು ಸಾಕು. ದೊಡ್ಡ ನಿಲ್ದಾಣದ ಬಗ್ಗೆ ಬರೆಯುವಾಗ ಸಣ್ಣ ನಿಲ್ದಾಣಕ್ಕೂ ಒಂದು ಸಾಲು ಬರೆಯೋಣ.

‘ಬೇಡವಾದ’ ಅಂಗಡಿಗಳು

ನಿಲ್ದಾಣ ಹೊಸದಾದಾಗ ಮೊದಲು ಏಳುವವರು ಗೂಡಂಗಡಿಯವರು ಮತ್ತು ತಳ್ಳುಗಾಡಿಯವರು. ಪ್ರಯಾಣಿಕನಿಗೆ ಬೆಳಗಿನ ಜಾವ ಬಿಸಿ ಇಡ್ಲಿ, ಮಿರ್ಚಿ, ಮಂಡಕ್ಕಿ ಕೊಟ್ಟವರು ಅವರೇ. ‘ಬೇಡವಾದ ಕಟ್ಟಡ’ದ ಪಟ್ಟಿಯಲ್ಲಿ ಮೊದಲು ಸಿಗುವವರೂ ಅವರೇ. ಇಲ್ಲಿ ಕಾನೂನು ತಿಳಿದಿರುವುದು ಒಳ್ಳೆಯದು.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾವ ಬೀದಿ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ. ಬೇರೆ ಜಾಗಕ್ಕೆ ಕಳಿಸುವುದಾದರೆ 30 ದಿನ ಮೊದಲೇ ನೋಟಿಸು ಕೊಡಬೇಕು. ಪ್ರತಿ ಪಟ್ಟಣದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ. 40 ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಸ್ವಯಂಸೇವಾ ಸಂಸ್ಥೆಗಳಿಗೂ ಅದರಲ್ಲಿ ಶೇ. 10 ಸ್ಥಾನ ಇದೆ.

ಆದರೆ ಇದೇ ಕಾಯ್ದೆಯಲ್ಲಿ ಒಂದು ಗೆರೆ ಇದೆ. ರೈಲ್ವೆಗೆ ಸೇರಿದ ಜಾಗ, ಕಟ್ಟಡ, ರೈಲುಗಳಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ಕಾಂಪೌಂಡಿನ ಈಚೆ ಪುರಸಭೆಯ ರಸ್ತೆಯಲ್ಲಿ ನಿಂತ ತಳ್ಳುಗಾಡಿಗೆ ರಕ್ಷಣೆ ಇದೆ, ನಾಲ್ಕು ಹೆಜ್ಜೆ ಆಚೆ ರೈಲ್ವೆ ಜಾಗದಲ್ಲಿ ನಿಂತ ಗಾಡಿಗೆ ಇಲ್ಲ. ಯಾರ ಅಂಗಡಿ ಯಾವ ಜಾಗದಲ್ಲಿದೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಗುರುತಿಸಿ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಕಾಯ್ದೆ ಪಟ್ಟಣ ಪ್ರದೇಶಕ್ಕೆ ಮಾತ್ರ. ಕೋಸಿಗಿ, ತುಂಗಭದ್ರಾದಂಥ ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿಯ ಮುಂದೆ, ಗ್ರಾಮಸಭೆಯಲ್ಲಿ ಈ ಮಾತು ಎತ್ತಬೇಕು.

ಎಲ್ಲರೂ ಎಲ್ಲೆಂದರಲ್ಲಿ ನಿಲ್ಲಲಿ ಎಂದು ಯಾರೂ ಹೇಳುತ್ತಿಲ್ಲ. ದಾರಿಯೂ ಉಳಿಯಬೇಕು, ಹೊಟ್ಟೆಪಾಡೂ ಉಳಿಯಬೇಕು. ನಿಲ್ದಾಣದ ಮುಂದೆಯೇ ನೀರು, ದೀಪ, ಕಸದ ತೊಟ್ಟಿ ಇರುವ ಒಂದು ಸಾಲನ್ನು ನಕ್ಷೆಯಲ್ಲೇ ತೋರಿಸಿದರೆ ಎರಡೂ ಸಾಧ್ಯ.

ನಮ್ಮ ಭಾಷೆಗೆ ಇರುವ ಜಾಗ

ಈಗ ನಮಗೆ ಹತ್ತಿರದ ವಿಷಯ. ನಿಲ್ದಾಣದ ಹೊರಗೆ ಆಟೋ ದರ, ಬಸ್ಸಿನ ವೇಳೆ, ದಾರಿ ತೋರುವ ಫಲಕ, ತೆರವಿನ ನೋಟಿಸು, ಅಭಿಪ್ರಾಯ ಕೇಳುವ ಪ್ರಕಟಣೆ ಇವೆಲ್ಲ ಯಾವ ಭಾಷೆಯಲ್ಲಿರಬೇಕು? ತೆಲುಗು ಇರಲೇಬೇಕು, ಅದು ರಾಜ್ಯದ ಭಾಷೆ. ಅದರ ಪಕ್ಕದಲ್ಲಿ ಕನ್ನಡವೂ ಇರಲಿ ಎಂಬುದು ನಮ್ಮ ಕೋರಿಕೆ. ಎರಡು ಲಿಪಿಗಳೂ ಅಕ್ಕತಂಗಿಯರಂತಿವೆ, ಒಂದೇ ಫಲಕದಲ್ಲಿ ಒಟ್ಟಿಗೆ ಕೂತರೆ ಯಾರಿಗೂ ಇರುಸುಮುರುಸಿಲ್ಲ.

ಇದಕ್ಕೆ ಆಧಾರಗಳಿವೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರವೂ ರಾಜ್ಯಗಳೂ ಒಪ್ಪಿಕೊಂಡ ಕ್ರಮಗಳ ಪ್ರಕಾರ, ಒಂದು ಜಿಲ್ಲೆ, ತಾಲ್ಲೂಕು ಅಥವಾ ಪುರಸಭೆಯಲ್ಲಿ ಶೇ. 15ರಷ್ಟಾದರೂ ಜನ ಒಂದು ಭಾಷೆ ಆಡುತ್ತಿದ್ದರೆ ಮುಖ್ಯ ನಿಯಮ, ನೋಟಿಸುಗಳನ್ನು ಆ ಭಾಷೆಯಲ್ಲೂ ಪ್ರಕಟಿಸಬೇಕು. ಸಂವಿಧಾನದ 350ನೇ ವಿಧಿ ಇನ್ನೂ ಸ್ಪಷ್ಟ. ತನ್ನ ದೂರಿನ ಪರಿಹಾರಕ್ಕಾಗಿ ಯಾರು ಬೇಕಾದರೂ ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡಬಹುದು. ಅಂದರೆ ಆದೋನಿಯ ಪುರಸಭೆಗಾಗಲಿ ಗುಂತಕಲ್ಲಿನ ರೈಲ್ವೆ ವಿಭಾಗದ ಕಚೇರಿಗಾಗಲಿ ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣಕ್ಕೆ ವಾಪಸು ಮಾಡುವಂತಿಲ್ಲ. ಮಾಡಿದರೆ 350-ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಬಹುದು.

ಒಂದು ವ್ಯತ್ಯಾಸ ಗಮನಿಸಿ. ಮಾಹಿತಿ ಹಕ್ಕಿನ ಅರ್ಜಿಗೆ ಈ ಸಡಿಲಿಕೆ ಇಲ್ಲ. ಅದು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು, ನಮ್ಮಲ್ಲಿ ತೆಲುಗು. ರೈಲ್ವೆಗೆ ಅರ್ಜಿಯ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಉತ್ತರಕ್ಕೆ 30 ದಿನದ ಗಡುವು. ನಿಲ್ದಾಣದ ಮಾಸ್ಟರ್ ಪ್ಲಾನಿನ ಪ್ರತಿ, ಹೊರಗಿನ ರಸ್ತೆಯ ನಕ್ಷೆ, ರೈಲ್ವೆ ಜಾಗದ ಗಡಿ ಈ ಮೂರನ್ನು ಕೇಳಿದರೆ ಸಾಕು, ಮುಂದಿನ ಎಲ್ಲ ಮಾತಿಗೂ ಅದೇ ತಳಪಾಯ.

ನಾವು ಮಾಡಬಹುದಾದದ್ದು

ಇಷ್ಟೆಲ್ಲಕ್ಕೂ ಎಂಜಿನಿಯರ್ ಆಗಿರಬೇಕಿಲ್ಲ. ಪ್ರತಿ ಊರಿನಲ್ಲೂ ಐದಾರು ಜನ ಸೇರಿದರೆ ಸಾಕು.

1. ನಡೆದು ನೋಡಿ. ಬೆಳಗಿನ ಜಾವ ಒಮ್ಮೆ, ರಾತ್ರಿ ಒಮ್ಮೆ, ಮಳೆ ಬಂದ ಮಾರನೇ ದಿನ ಒಮ್ಮೆ ನಿಲ್ದಾಣದಿಂದ ನಾಲ್ಕೂ ದಿಕ್ಕಿಗೆ ಹತ್ತು ನಿಮಿಷ ನಡೆಯಿರಿ. ಜೊತೆಗೆ ಒಬ್ಬ ವಯಸ್ಸಾದವರು, ಒಬ್ಬ ಶಾಲೆಯ ಹುಡುಗಿ, ಸಾಧ್ಯವಾದರೆ ಗಾಲಿಕುರ್ಚಿ ಬಳಸುವವರೊಬ್ಬರು ಇರಲಿ.

2. ಬರೆದುಕೊಳ್ಳಿ. ಎಲ್ಲಿ ದೀಪವಿಲ್ಲ, ಎಲ್ಲಿ ಚರಂಡಿ ತೆರೆದಿದೆ, ಎಲ್ಲಿ ಆಟೋ ಅಡ್ಡ ನಿಲ್ಲುತ್ತದೆ, ಎಲ್ಲಿ ನೀರು ನಿಲ್ಲುತ್ತದೆ. ಅಳತೆಯನ್ನೂ ಬರೆಯಿರಿ. ಕಾಲುದಾರಿಗೆ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲ ಇರಬೇಕೆಂಬುದು ರಸ್ತೆ ನಿರ್ಮಾಣದ ಮಾನದಂಡ. ಇಳಿಜಾರು 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಟೇಪು ಹಿಡಿದು ಅಳೆದರೆ ನಿಮ್ಮ ಮನವಿಗೆ ತೂಕ ಬರುತ್ತದೆ.

3. ಯಾರ ಕೆಲಸ ಎಂದು ಬೇರ್ಪಡಿಸಿ. ಕಾಂಪೌಂಡಿನ ಒಳಗಿನದು ರೈಲ್ವೆಗೆ. ಹೊರಗಿನ ರಸ್ತೆ, ದೀಪ, ಚರಂಡಿ, ವ್ಯಾಪಾರದ ಜಾಗ ಪುರಸಭೆಗೆ ಅಥವಾ ಪಂಚಾಯಿತಿಗೆ. ಬಸ್ಸಿನ ಮಾತು ಎಪಿಎಸ್‌ಆರ್‌ಟಿಸಿಗೆ, ಕರ್ನಾಟಕದ ಬಸ್ಸಾದರೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ. ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿದರೆ ಅದು ಯಾರ ಮೇಜಿನಲ್ಲೂ ನಿಲ್ಲುವುದಿಲ್ಲ.

4. ಸರಿಯಾದ ಬಾಗಿಲು ತಟ್ಟಿ. ಮೊದಲು ನಿಮ್ಮ ವಾರ್ಡಿನ ಅಥವಾ ಗ್ರಾಮದ ಕಚೇರಿ. ಆಮೇಲೆ ಸೋಮವಾರದ ಸಾರ್ವಜನಿಕ ದೂರು ಪರಿಹಾರ ವೇದಿಕೆ, ಆದೋನಿಯವರಿಗೆ ಸಬ್ ಕಲೆಕ್ಟರ್ ಕಚೇರಿ. ರೈಲ್ವೆ ಕಡೆಯಿಂದ ವಿಭಾಗೀಯ ರೈಲು ಬಳಕೆದಾರರ ಸಲಹಾ ಸಮಿತಿ ಇದೆ. ವ್ಯಾಪಾರಿ ಸಂಘ, ಪ್ರಯಾಣಿಕರ ಸಂಘಗಳ ಪ್ರತಿನಿಧಿಗಳು ಅದರಲ್ಲಿರುತ್ತಾರೆ, ಅವಧಿ ಎರಡು ವರ್ಷ. ನಿಮ್ಮ ಭಾಗದ ಸದಸ್ಯರು ಯಾರೆಂದು ತಿಳಿದುಕೊಂಡು ನಿಮ್ಮ ಪಟ್ಟಿಯನ್ನು ಅವರ ಕೈಗೆ ಕೊಡಿ.

5. ತೆಲುಗು ಮಾತಾಡುವ ನೆರೆಯವರನ್ನು ಜೊತೆಗೆ ಕರೆದುಕೊಳ್ಳಿ. ಚರಂಡಿಗೆ ಭಾಷೆಯಿಲ್ಲ. ಒಂದೇ ಪಟ್ಟಿ ಎರಡು ಭಾಷೆಯಲ್ಲಿ ಹೋದರೆ ಅದು ಒಂದು ಸಂಘದ ಬೇಡಿಕೆಯಾಗಿ ಉಳಿಯುವುದಿಲ್ಲ, ಊರಿನ ಬೇಡಿಕೆಯಾಗುತ್ತದೆ.

ಮಾದರಿ ಮನವಿ

ಸದಸ್ಯರ ಅನುಕೂಲಕ್ಕಾಗಿ ಒಂದು ಮಾದರಿ ಇಲ್ಲಿದೆ. ಬೇಕಾದಂತೆ ಬದಲಾಯಿಸಿಕೊಳ್ಳಿ.

“ಮಾನ್ಯ ಪುರಸಭಾ ಆಯುಕ್ತರಿಗೆ, ಆದೋನಿ.

ವಿಷಯ: ರೈಲು ನಿಲ್ದಾಣದ ಸುತ್ತಲಿನ ರಸ್ತೆ, ಚರಂಡಿ, ಬೀದಿ ವ್ಯಾಪಾರ ಮತ್ತು ಫಲಕಗಳ ಬಗ್ಗೆ.

ಮಾನ್ಯರೇ, ನಮ್ಮ ಊರಿನ ರೈಲು ನಿಲ್ದಾಣ ಅಮೃತ ಭಾರತ ಯೋಜನೆಯಲ್ಲಿದೆ. ನಾವು ಈ ಕೆಳಗೆ ಸಹಿ ಮಾಡಿದವರು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯ ದೂರವನ್ನು ಸ್ವತಃ ನಡೆದು ನೋಡಿ ಪಟ್ಟಿ ಮಾಡಿದ್ದೇವೆ. ಪಟ್ಟಿ ಲಗತ್ತಿಸಿದೆ. ತಾವು ದಯವಿಟ್ಟು (1) ರೈಲ್ವೆ, ಪುರಸಭೆ ಮತ್ತು ಸಾರಿಗೆ ಸಂಸ್ಥೆಯ ಜಂಟಿ ಸ್ಥಳ ಪರಿಶೀಲನೆ ನಡೆಸಬೇಕು, (2) ಯಾವುದೇ ತೆರವಿಗೆ ಮೊದಲು ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿಸಿ ಬದಲಿ ಜಾಗ ಗುರುತಿಸಬೇಕು, (3) ಮಳೆ ನೀರು ಹರಿಯುವ ದಾರಿಯನ್ನು ನಕ್ಷೆಯಲ್ಲಿ ತೋರಿಸಬೇಕು, (4) ದರಪಟ್ಟಿ, ಫಲಕ ಮತ್ತು ಪ್ರಕಟಣೆಗಳನ್ನು ತೆಲುಗಿನ ಜೊತೆ ಕನ್ನಡದಲ್ಲೂ ಹಾಕಿಸಬೇಕು ಎಂದು ಕೋರುತ್ತೇವೆ. ಸಂವಿಧಾನದ 350ನೇ ವಿಧಿಯಂತೆ ಈ ಮನವಿಯನ್ನು ಕನ್ನಡದಲ್ಲಿ ಸಲ್ಲಿಸುತ್ತಿದ್ದೇವೆ. ತೆಲುಗು ಅನುವಾದ ಜೊತೆಗಿದೆ.

ಪ್ರತಿ: ವಿಭಾಗೀಯ ರೈಲ್ವೆ ವ್ಯವಸ್ಥಾಪಕರು, ಗುಂತಕಲ್ಲು, ಸಬ್ ಕಲೆಕ್ಟರ್, ಆದೋನಿ.”

ಮನವಿ ಕೊಟ್ಟಾಗ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಆ ಸೀಲಿಲ್ಲದ ಕಾಗದ ಮಾತಿಗೆ ಸಮ.

ಬಂಧುಗಳೇ, ಒಂದು ನಿಲ್ದಾಣ ಮತ್ತೆ ಹೊಸದಾಗುವುದು ತಲೆಮಾರಿಗೊಮ್ಮೆ. ಈಗ ಹಾಕುವ ಚರಂಡಿಯಲ್ಲೇ ನಮ್ಮ ಮೊಮ್ಮಕ್ಕಳ ಕಾಲದ ನೀರೂ ಹರಿಯಬೇಕು, ಈಗ ಬರೆಯುವ ಫಲಕವನ್ನೇ ಅವರೂ ಓದಬೇಕು. ನಿಮ್ಮ ಊರಿನಲ್ಲಿ ನಡಿಗೆ ಸಮೀಕ್ಷೆ ಮಾಡಿದರೆ ಪಟ್ಟಿಯನ್ನೂ ಫೋಟೋಗಳನ್ನೂ ನಮಗೆ ಕಳಿಸಿ. ಎಲ್ಲ ಗಡಿ ಊರುಗಳ ಪಟ್ಟಿಯನ್ನು ಈ ಪುಟದಲ್ಲೇ ಒಂದೆಡೆ ಸೇರಿಸಿ ಪ್ರಕಟಿಸೋಣ. ಒಂದು ಊರಿಗೆ ಸಿಕ್ಕ ಉತ್ತರ ಇನ್ನೊಂದು ಊರಿಗೆ ದಾರಿಯಾಗಲಿ.